ಫೋನ್ ಕೇಳಿದ ಒಂಬತ್ತನೇ ಪ್ರಶ್ನೆ

ರಾತ್ರಿ ಎಂಟು ಗಂಟೆ. ನಂಜನಗೂಡಿನ ನಮ್ಮ ಮನೆಯ ಅಡುಗೆಮನೆಯಲ್ಲಿ ಅಮ್ಮ ಮುದ್ದೆ ತೊಳಸುತ್ತಿದ್ದಳು. ಕಟ್ಟೆ ಮೇಲಿದ್ದ ಅವಳ ಫೋನ್ ‘ಟಿಂಗ್’ ಅಂತು. ಕೈಯೆಲ್ಲ ಹಿಟ್ಟು. “ಏನ್ ಬಂತು ನೋಡೇ” ಅಂದಳು. ನಾನೇ ಎತ್ತಿ ಓದಿದೆ.

“ಇಂದು ನಿಮ್ಮ ಭಾವನಾತ್ಮಕ ಯೋಗಕ್ಷೇಮ ಹೇಗಿದೆ? ದಯವಿಟ್ಟು ದಾಖಲಿಸಿ.”

ಅಮ್ಮ ಮುದ್ದೆಕೋಲು ನಿಲ್ಲಿಸಿ ನನ್ನ ಮುಖ ನೋಡಿದಳು. “ಯಾರೇ ಇದು, ಬ್ಯಾಂಕ್‌ನೋರಾ?”

ಆ ವಾಕ್ಯವನ್ನು ಆಪ್‌ನೊಳಗೆ ಹಾಕಿದ್ದವಳು ನಾನೇ. ಆಫೀಸಿನಲ್ಲಿ ಕೂತು ಹತ್ತು ಸಲ ಓದಿ, ‘ಕನ್ನಡ ಚೆನ್ನಾಗಿದೆ’ ಅಂತ ಒಪ್ಪಿಗೆ ಕೊಟ್ಟಿದ್ದವಳೂ ನಾನೇ.

ನಾನು ಸಾಫ್ಟ್‌ವೇರ್ ಎಂಜಿನಿಯರ್, ವಯಸ್ಸು ಮೂವತ್ತು. ಮೈಸೂರಿನಲ್ಲಿ ಬಿ.ಇ. ಓದಿ, ಬೆಂಗಳೂರಿನಲ್ಲಿ ಕೆಲವು ವರ್ಷ ಇದ್ದು, ಮಗಳು ಹುಟ್ಟಿದ ಮೇಲೆ ಮೈಸೂರಿಗೆ ವಾಪಸ್ ಬಂದೆ. 2025ರ ಜನವರಿಯಲ್ಲಿ ನಮ್ಮ ತಂಡ ಒಂದು ಮೊಬೈಲ್ ಆಪ್‌ನ ಪರೀಕ್ಷೆಗೆ ಇಳಿಯಿತು. ಆರು ವರ್ಷದೊಳಗಿನ ಮಕ್ಕಳಿರುವ ಅಪ್ಪ-ಅಮ್ಮಂದಿರ ಮನಸ್ಸಿನ ಆರೋಗ್ಯಕ್ಕೆ ಒಂದಿಷ್ಟು ಆಸರೆಯಾಗಲಿ ಅನ್ನುವುದು ಅದರ ಉದ್ದೇಶ. ದಿನಕ್ಕೊಂದು ಸಣ್ಣ ಪ್ರಶ್ನೆ, ಮೂರು ನಿಮಿಷದ ಒಂದು ಆಡಿಯೊ, ಎರಡು ವಾರಕ್ಕೊಮ್ಮೆ ಒಂಬತ್ತು ಪ್ರಶ್ನೆಗಳ ಒಂದು ಪಟ್ಟಿ. ಬೇಕಾದರೆ ನಮ್ಮ ತಂಡದ ಆಪ್ತಸಮಾಲೋಚಕಿಯ ಜೊತೆ ಮಾತು. ಇಷ್ಟೇ.

ಪರೀಕ್ಷೆಗೆ ಆರಿಸಿದ್ದು ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕಿನ ಕೆಲವು ಹಳ್ಳಿ. ‘ನಿಮ್ಮೂರೇ ಅಲ್ವಾ, ನೀವೇ ಹೋಗಿ’ ಅಂದರು. ಖುಷಿಯಿಂದ ಒಪ್ಪಿಕೊಂಡೆ. ತವರಿನಲ್ಲಿ ಉಳಿದುಕೊಂಡು ಉಪ್ಸಾರು ಊಟ ಮಾಡಿಕೊಂಡು ಕೆಲಸ ಮಾಡಬಹುದಲ್ಲ! ಮೊದಲ ಟೆಸ್ಟರ್ ಆಗಿ ಅಮ್ಮನ ಫೋನಿಗೇ ಆಪ್ ಹಾಕಿದೆ. ಅವಳು ಮೊದಲ ದಿನವೇ ಅದನ್ನು ಫೇಲ್ ಮಾಡಿದಳು.

ಮಗುವಿನ ತೂಕ ಕೇಳ್ತೀವಿ, ಹೆತ್ತವರ ಮನಸ್ಸು?

ಮಗು ಹುಟ್ಟಿದರೆ ತಾಯಿ ಕಾರ್ಡಿನಲ್ಲಿ ಎಲ್ಲದಕ್ಕೂ ಒಂದು ಖಾನೆ ಇದೆ. ತೂಕ, ಚುಚ್ಚುಮದ್ದು, ಹಿಮೋಗ್ಲೋಬಿನ್. ಅಂಗನವಾಡಿ ಟೀಚರ್ ಪೋಷಣ್ ಟ್ರ್ಯಾಕರ್‌ನಲ್ಲಿ ಮಗುವಿನ ಎತ್ತರ ಹಾಕುತ್ತಾರೆ. ‘ನೀನು ಹೇಗಿದ್ದೀಯವ್ವ?’ ಅಂತ ಕೇಳಿ ಬರೆದುಕೊಳ್ಳುವ ಜಾಗ ಮಾತ್ರ ನಮ್ಮ ಮನೆಗಳಲ್ಲೂ ಇಲ್ಲ.

ಹೆರಿಗೆಯಾದ ಮೊದಲ ಕೆಲವು ದಿನ ಸುಮ್ಮಸುಮ್ಮನೆ ಅಳು ಬರುವುದು, ಕಿರಿಕಿರಿಯಾಗುವುದು ಬಹಳ ಜನ ತಾಯಂದಿರಿಗೆ ಸಹಜ. ಸಾಮಾನ್ಯವಾಗಿ ಎರಡು ವಾರದೊಳಗೆ ತಾನೇ ತಿಳಿಯಾಗುತ್ತದೆ. ಅದು ಮುಂದುವರಿದು, ನಿದ್ದೆ, ಊಟ, ಮಗುವಿನ ಮೇಲಿನ ಅಕ್ಕರೆ ಎಲ್ಲ ಬತ್ತಿಹೋದ ಹಾಗಾದರೆ ಅದು ಬರೀ ‘ಬೇಜಾರು’ ಅಲ್ಲ, ಚಿಕಿತ್ಸೆ ಇರುವ ಕಾಯಿಲೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗು ಇಬ್ಬರನ್ನೂ ಒಟ್ಟಿಗೇ ದಾಖಲು ಮಾಡಿಕೊಳ್ಳುವ ಪ್ರತ್ಯೇಕ ಘಟಕ 2009ರಿಂದ ಇದೆ. ಅಪ್ಪಂದಿರಿಗೂ ಖಿನ್ನತೆ ಬರುತ್ತದೆ. ಅವರನ್ನು ಕೇಳುವವರು ಇನ್ನೂ ಕಡಿಮೆ.

ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಹೇಳಿದ್ದೂ ಇದನ್ನೇ. ಮಾನಸಿಕ ಕಾಯಿಲೆ ಇದ್ದೂ ಚಿಕಿತ್ಸೆ ಸಿಗದೇ ಇರುವವರ ಪ್ರಮಾಣ, ಕಾಯಿಲೆಗೆ ತಕ್ಕಂತೆ, ಶೇ 70ರಿಂದ 92. ಈ ಸಂಖ್ಯೆ ನೋಡಿದ ಎಂಜಿನಿಯರ್‌ಗೆ ಮೊದಲು ಹೊಳೆಯುವುದೇ ‘ಒಂದು ಆಪ್ ಮಾಡೋಣ’ ಅಂತ. ಡಾಕ್ಟರ್ ಹಳ್ಳಿಗೆ ಬರದಿದ್ದರೂ ಫೋನ್ ಬಂದಿದೆಯಲ್ಲ!

“ಹೌದು ಕನವ್ವ, ಕುಗ್ಗೋಗಿವ್ನಿ”

ನಾವು ಬಳಸಿದ ಒಂಬತ್ತು ಪ್ರಶ್ನೆಗಳ ಪಟ್ಟಿಗೆ ಪಿಎಚ್‌ಕ್ಯೂ-9 ಅಂತ ಹೆಸರು. ಪ್ರಪಂಚದ ಎಷ್ಟೋ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಕಳೆದ ಎರಡು ವಾರದಲ್ಲಿ ನಿದ್ದೆ ಹೇಗಿತ್ತು, ಹಸಿವು ಹೇಗಿತ್ತು, ಕೆಲಸದಲ್ಲಿ ಮನಸ್ಸು ಇತ್ತಾ ಅಂತ ಕೇಳುತ್ತದೆ. ಪ್ರತಿ ಉತ್ತರಕ್ಕೆ 0ಯಿಂದ 3 ಅಂಕ, ಒಟ್ಟು 27. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತಿಳಿದವರು ಒಮ್ಮೆ ನೋಡಬೇಕು ಅಂತ ಲೆಕ್ಕ. ಪಟ್ಟಿ ಕಾಯಿಲೆಯನ್ನು ತೀರ್ಮಾನ ಮಾಡುವುದಿಲ್ಲ, ಬಾಗಿಲು ತಟ್ಟುತ್ತದೆ ಅಷ್ಟೇ.

ಹುಲ್ಲಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಮಗುವಿನ ತಾಯಿಯ ಪಕ್ಕ ಕೂತಿದ್ದ ಅಜ್ಜಿ ಉತ್ಸಾಹದಿಂದ ತಾವೇ ಉತ್ತರ ಕೊಡುತ್ತಿದ್ದರು. ‘ನೀವು ಕುಗ್ಗಿದ್ದೀರಿ ಎಂದು ಅನಿಸುತ್ತದೆಯೇ?’ ಅಂತ ಆಪ್ ಕೇಳಿತು. ಅಜ್ಜಿ, “ಹೌದು ಕನವ್ವ, ಕುಗ್ಗೋಗಿವ್ನಿ. ಮೊದ್ಲು ಇನ್ನೂ ಎತ್ರ ಇದ್ದೆ” ಅಂದರು. ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾನೂ ನಕ್ಕೆ. ಆಮೇಲೆ ನೋಟ್‌ಬುಕ್ಕಿನಲ್ಲಿ ‘ಕುಗ್ಗು’ ಪದಕ್ಕೆ ಗೆರೆ ಎಳೆದೆ.

ಖಿನ್ನತೆ, ಆತಂಕ, ಒತ್ತಡ. ನಾವು ಪತ್ರಿಕೆಯಲ್ಲಿ ಓದುವ ಈ ಪದಗಳು ಜಗಲಿ ಮೇಲೆ ಓಡಾಡುವುದಿಲ್ಲ. ಅಲ್ಲಿ ಓಡಾಡುವ ಮಾತುಗಳೇ ಬೇರೆ. “ಎದೆ ಭಾರ ಆಯ್ತದೆ.” “ತಲೇಲಿ ಒಂದೇ ಯೋಚ್ನೆ ಸುತ್ತುತ್ತದೆ.” “ಕೈಕಾಲೇ ಬರಕಿಲ್ಲ ಕನಕ್ಕ, ಮಲಗಿದೋಳು ಏಳಕ್ಕಾಗಕಿಲ್ಲ.” “ಯಾರ ಮಾತೂ ಬ್ಯಾಡ ಅನ್ನುಸ್ತದೆ.” ಇವನ್ನೆಲ್ಲ ಬರೆದುಕೊಂಡು ಬಂದು ಸಮಾಲೋಚಕಿಯ ಮುಂದೆ ಇಟ್ಟೆ. ಪಟ್ಟಿಯ ಪ್ರಶ್ನೆಗಳನ್ನು ನಮಗೆ ಇಷ್ಟ ಬಂದ ಹಾಗೆ ತಿದ್ದುವ ಹಾಗಿಲ್ಲ, ತಿದ್ದಿದರೆ ಅಂಕದ ಲೆಕ್ಕವೇ ಕೆಡುತ್ತದೆ ಅಂತ ಅವರು ಹೇಳಿದರು. ಹಾಗಾಗಿ ಪ್ರಶ್ನೆ ಹಾಗೇ ಇರಲಿ, ಜೊತೆಗೆ ಒಬ್ಬ ಹೆಂಗಸಿನ ದನಿಯಲ್ಲಿ ನಮ್ಮ ಕಡೆಯ ಮಾತಿನ ವಿವರಣೆ ಇರಲಿ ಅಂತ ಆಯ್ತು. ದಿನದ ಪ್ರಶ್ನೆ ಮಾತ್ರ ನಮ್ಮದೇ ಆದ್ದರಿಂದ ಪೂರ್ತಿ ಬದಲಾಯಿಸಿದೆವು. ‘ಭಾವನಾತ್ಮಕ ಯೋಗಕ್ಷೇಮ’ ಹೋಗಿ ‘ಇವತ್ತು ಹೆಂಗಿದ್ದೀರಿ?’ ಬಂತು.

ಹೊಸ ಆಡಿಯೊ ಸರಿಯಿದೆಯಾ ಅಂತ ಒಂದು ಸಂಜೆ ಅಮ್ಮನಿಗೇ ಕೇಳಿಸಿದೆ. ಹುರುಳಿಕಾಯಿ ಸೋಸುತ್ತಾ ಕೇಳಿಸಿಕೊಂಡಳು. ‘ಮಗು ಕಂಡರೂ ಮನಸ್ಸು ಅರಳುವುದಿಲ್ಲ ಅನ್ನುವ ಹಾಗೆ ಆಗಿದೆಯಾ’ ಅನ್ನುವಲ್ಲಿ ಅವಳ ಕೈ ನಿಂತಿತು.

“ನೀನು ಹುಟ್ಟಿದಾಗ ನಂಗೆ ಹಿಂಗೇ ಆಗಿತ್ತು ಕಣೆ” ಅಂದಳು. “ಮೂರು ತಿಂಗಳು. ನೀನು ಅತ್ರೆ ಎತ್ಕೋಬೇಕು ಅಂತ್ಲೇ ಅನ್ನಿಸ್ತಿರ್ಲಿಲ್ಲ. ನಿಮ್ಮಜ್ಜಿ ಬಾಣಂತಿ ಸನ್ನಿ ಅಂದ್ರು, ದೃಷ್ಟಿ ತೆಗೆದ್ರು, ತಾಯತ ಕಟ್ಟಿಸಿದ್ರು. ನಿಮ್ಮಪ್ಪಂಗೆ ನಾನು ಹೇಳ್ಲೇ ಇಲ್ಲ. ಏನಂತ ಹೇಳ್ಲಿ? ಮಗು ಕಂಡ್ರೆ ಆಗಲ್ಲ ಅಂತ ಹೇಳಕ್ಕಾಯ್ತದಾ?”

ಮೂವತ್ತು ವರ್ಷ ಅವಳು ಈ ಮಾತನ್ನು ಯಾರಿಗೂ ಹೇಳಿರಲಿಲ್ಲ. ನನಗೆ ಏನು ಹೇಳಬೇಕೋ ತೋಚಲಿಲ್ಲ. ಪಕ್ಕದಲ್ಲಿ ಕೂತು ಹುರುಳಿಕಾಯಿ ಸೋಸಿದೆ. ಆಮೇಲೆ ಅವಳೇ, “ಈ ಆಡಿಯೊ ಚೆನ್ನಾಗಿದೆ, ಇರ್ಲಿ ಬಿಡು” ಅಂದಳು.

ಮನೆಗೊಂದು ಫೋನು

ಆಫೀಸಿನಲ್ಲಿ ನಾವು ಅಂದುಕೊಂಡಿದ್ದು, ಒಬ್ಬರಿಗೆ ಒಂದು ಫೋನ್. ಹಳ್ಳಿಯಲ್ಲಿ ಫೋನ್ ಮನೆಯವರೆಲ್ಲರದು. ಬೆಳಗ್ಗೆ ಗಂಡನ ಜೊತೆ ಗದ್ದೆಗೆ, ಇಲ್ಲವೇ ನಂಜನಗೂಡಿನ ಕೈಗಾರಿಕಾ ಪ್ರದೇಶದ ಶಿಫ್ಟಿಗೆ ಹೋಗುತ್ತದೆ. ಸಂಜೆ ಮಕ್ಕಳ ಕೈಯಲ್ಲಿ ಕಾರ್ಟೂನ್. ಹೆಂಡತಿಯ ಕೈಗೆ ಬರುವುದು ರಾತ್ರಿ ಪಾತ್ರೆ ತೊಳೆದ ಮೇಲೆ, ಚಾರ್ಜು ಮುಗಿಯುವ ಹೊತ್ತಿಗೆ.

ಒಬ್ಬ ತಾಯಿ ಎರಡು ದಿನ ಉತ್ತರ ಕೊಟ್ಟು ಆಪ್ ತೆಗೆದುಹಾಕಿದ್ದರು. ಕಾರಣ ಕೇಳಿದರೆ ಮೊದಲು ‘ಜಾಗ ಇರ್ಲಿಲ್ಲ’ ಅಂದರು. ಅತ್ತೆ ಒಳಗೆ ಹೋದ ಮೇಲೆ ನಿಜ ಹೇಳಿದರು. ‘ನಿನ್ನೆ ನೀವು ಬೇಸರದಲ್ಲಿದ್ದಿರಿ. ಇಂದು ಹೇಗಿದ್ದೀರಿ?’ ಅಂತ ಬಂದ ಸಂದೇಶವನ್ನು ಗಂಡ ಮೊದಲು ಓದಿದ್ದ. “ಯಾರ ಹತ್ರ ಹೇಳ್ಕೊಂಡೆ ಬೇಜಾರು? ನಿಂಗೇನ್ ಕಮ್ಮಿ ಮಾಡಿವ್ನಿ?” ಅಂತ ರಾತ್ರಿಯೆಲ್ಲ ಜಗಳ.

ಆ ಸಂದೇಶ ಬರೆಯುವಾಗ ನಮಗೆ ಅದು ಕಾಳಜಿಯಾಗಿ ಕಂಡಿತ್ತು. ಅವರ ಮನೆಯಲ್ಲಿ ಅದು ಗುಟ್ಟು ಬಯಲು ಮಾಡಿತು. ಅವತ್ತೇ ಸಂದೇಶಗಳಿಂದ ಮನಸ್ಸಿನ ಮಾತನ್ನೆಲ್ಲ ತೆಗೆದೆವು. ಈಗ ಫೋನ್ ಪರದೆ ಮೇಲೆ ಬರುವುದು ‘ಇವತ್ತಿನ ಆಡಿಯೊ ಬಂದಿದೆ’ ಅಂತ ಮಾತ್ರ. ಒಳಗೆ ಹೋಗಲು ನಾಲ್ಕಂಕಿಯ ಪಿನ್.

ಇನ್ನೊಂದು ತಪ್ಪು, ಹಾಜರಿ. ದಿನಾ ಉತ್ತರಿಸಿದರೆ ನಕ್ಷತ್ರ, ತಪ್ಪಿಸಿದರೆ ‘ನೀವು 3 ದಿನ ತಪ್ಪಿಸಿದ್ದೀರಿ’. ಆಟದ ಆಪ್‌ಗಳಿಂದ ಕಲಿತ ಚಾಳಿ ಅದು. ಬನ್ನೂರು ಕಡೆಯ ಒಬ್ಬ ಅಕ್ಕ ಚೆನ್ನಾಗಿ ಬೈದರು: “ನರೇಗಾದಲ್ಲೂ ಹಾಜ್ರಿ, ಸಂಘದಲ್ಲೂ ಹಾಜ್ರಿ, ಬೇಜಾರಾಗೋಕೂ ಹಾಜ್ರಿ ಹಾಕ್ಬೇಕಾ?” ನಕ್ಷತ್ರಗಳನ್ನೂ ತೆಗೆದೆವು.

“ಇದು ಸಂಘದೋರ ಆಪಾ?”

ನಾವು ಹಳ್ಳಿ ಸುತ್ತುತ್ತಿದ್ದ ಸಮಯ ನಿಮಗೆ ನೆನಪಿರಬಹುದು. ಮೈಕ್ರೊ ಫೈನಾನ್ಸ್ ವಸೂಲಿಯ ಕಾಟ ತಡೆಯಲಾಗದೆ ನಂಜನಗೂಡು, ಚಾಮರಾಜನಗರ ಕಡೆಯ ಹಳ್ಳಿಗಳಲ್ಲಿ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ದಿನಾ ಪತ್ರಿಕೆಯಲ್ಲಿ ಬರುತ್ತಿತ್ತು. ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆಯನ್ನು ರಾಜ್ಯ ಸರ್ಕಾರ ತಂದಿದ್ದು 2025ರ ಫೆಬ್ರವರಿ 12ರಂದು. ಅದೇ ವಾರ ತಿ. ನರಸೀಪುರದ ಸಂಗಮದಲ್ಲಿ ಕುಂಭಮೇಳ. ಕಾವೇರಿ-ಕಪಿಲೆ ಸೇರುವಲ್ಲಿ ಜನ ಸ್ನಾನಕ್ಕೆ ಸಾಲುಗಟ್ಟಿದ್ದರು. ಅಲ್ಲಿಂದ ಸ್ವಲ್ಪ ದೂರದ ಹಳ್ಳಿಗಳಲ್ಲಿ ವಾರದ ಕಂತಿನ ಯೋಚನೆ.

ಇಂಥ ಹೊತ್ತಿನಲ್ಲಿ ಕುತ್ತಿಗೆಗೆ ಐಡಿ ಕಾರ್ಡ್ ನೇತುಹಾಕಿಕೊಂಡು ಬ್ಯಾಗ್ ಹಿಡಿದು ಬಂದ ನನ್ನನ್ನು ಜನ ಏನೆಂದುಕೊಂಡಾರು? ಒಂದು ಬೀದಿಗೆ ಕಾಲಿಟ್ಟ ತಕ್ಷಣ ಎರಡು ಮನೆಯ ಬಾಗಿಲು ಹಾಕಿಕೊಂಡವು. ಒಬ್ಬರು ನೇರವಾಗಿ ಕೇಳಿದರು: “ಇದು ಸಂಘದೋರ ಆಪಾ? ಇದಕ್ಕೆ ನಂಬರ್ ಕೊಟ್ರೆ ಅವ್ರಿಗೆ ಗೊತ್ತಾಯ್ತದಾ?” ಅದರಲ್ಲಿ ತಪ್ಪೇನೂ ಇರಲಿಲ್ಲ. ಫೋನಿನಲ್ಲಿರುವ ಎಲ್ಲರ ನಂಬರು ಕದ್ದು, ನೆಂಟರಿಷ್ಟರಿಗೆಲ್ಲ ಕರೆ ಮಾಡಿ ಮಾನ ಕಳೆಯುವ ಸಾಲದ ಆಪ್‌ಗಳನ್ನು ಜನ ನೋಡಿದ್ದಾರೆ. ನಮ್ಮ ಆಪ್ ಕೂಡ ಕಾಂಟ್ಯಾಕ್ಟ್ ನೋಡಲು ಅನುಮತಿ ಕೇಳುತ್ತಿತ್ತು! ‘ಆಪ್ತರನ್ನು ಸೇರಿಸಿ’ ಅನ್ನುವ ಒಂದು ಸೌಲಭ್ಯಕ್ಕಾಗಿ. ಅದನ್ನೂ ಕಿತ್ತುಹಾಕಿದೆವು.

ಆ ಮೇಲೆ ನಾನು ಒಬ್ಬಳೇ ಹೋಗಲಿಲ್ಲ. ಆಶಾ ಕಾರ್ಯಕರ್ತೆಯರ ಜೊತೆ ಹೋದೆ. ಐಡಿ ಕಾರ್ಡ್ ಬ್ಯಾಗಿನೊಳಗೆ. ಅವರು ‘ಇವ್ರು ನಮ್ಮೋರೇ ಕನವ್ವ, ನಂಜನಗೂಡೋರು’ ಅಂದರೆ ಸಾಕು, ಚಾಪೆ ಹಾಸುತ್ತಿದ್ದರು.

ಚಾಪೆ ಮೇಲೆ ಕೂತ ಮೇಲೆ ಬಂದ ಮಾತೆಲ್ಲ ಸಾಲ, ಮಗಳ ಸ್ಕೂಲ್ ಫೀಸು, ಕಬ್ಬಿನ ದುಡ್ಡು, ಕುಡಿತ. ‘ದೀರ್ಘವಾಗಿ ಉಸಿರು ಎಳೆದುಕೊಳ್ಳಿ’ ಅಂತ ಆಪ್ ಹೇಳಿದಾಗ ಒಬ್ಬ ತಾಯಿ, “ಉಸ್ರು ಎಳ್ಕೊಂಡ್ರೆ ಕಂತು ಕಟ್ಟದಂಗಾಯ್ತದಾ?” ಅಂದರು. ಉತ್ತರ ನನ್ನ ಹತ್ತಿರ ಇರಲಿಲ್ಲ. ಉಸಿರಾಟ ಅರ್ಧ ಗಂಟೆ ನಿದ್ದೆ ಕೊಡಬಹುದು, ಕಂತು ಕಟ್ಟುವುದಿಲ್ಲ. ಎರಡನ್ನೂ ಒಂದೇ ಅಂತ ನಂಬಿಸುವ ಆಪ್ ಮೋಸದ ಆಪ್.

ಶುಕ್ರವಾರ ರಾತ್ರಿ

ಈಗ ಹೇಳುವುದನ್ನು ಬರೆಯಬೇಕೋ ಬೇಡವೋ ಅಂತ ಬಹಳ ಯೋಚಿಸಿದೆ. ಸಂಬಂಧಪಟ್ಟವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಊರು, ಹೆಸರು ಬೇಡ.

ಪಟ್ಟಿಯ ಒಂಬತ್ತನೇ ಪ್ರಶ್ನೆ, ಬದುಕೇ ಬೇಡ ಅನ್ನುವಂಥ ಯೋಚನೆ ಬರುತ್ತದೆಯೇ ಎಂಬುದರ ಬಗ್ಗೆ. ಯಾರಾದರೂ ‘ಹೌದು’ ಅನ್ನುವ ಥರ ಉತ್ತರಿಸಿದರೆ ತಕ್ಷಣ ಸಮಾಲೋಚಕಿಗೆ ಎಚ್ಚರಿಕೆ ಹೋಗಬೇಕು. ಆ ಭಾಗದ ಕೋಡ್ ನನ್ನದು. ಹಳ್ಳಿಯಲ್ಲಿ ನೆಟ್‌ವರ್ಕ್ ಸರಿ ಇರಲ್ಲ ಅಂತ ಉತ್ತರಗಳು ಫೋನಿನಲ್ಲೇ ಉಳಿದು, ನೆಟ್ ಬಂದಾಗ ತಾವಾಗಿಯೇ ಸರ್ವರ್‌ಗೆ ಹೋಗುವ ಹಾಗೆ ಮಾಡಿದ್ದೆ. ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ನಾನು ಯೋಚಿಸದೇ ಇದ್ದದ್ದು ಒಂದೇ. ಅಪಾಯ ಇದೆಯೋ ಇಲ್ಲವೋ ಅಂತ ನೋಡುವ ಕೆಲಸವನ್ನು ಸರ್ವರ್‌ನಲ್ಲಿ ಇಟ್ಟಿದ್ದೆ. ಫೋನಿನಲ್ಲಿ ಅಲ್ಲ.

ಫೆಬ್ರವರಿ ಕೊನೆಯ ಒಂದು ಶುಕ್ರವಾರ ರಾತ್ರಿ ಹನ್ನೊಂದು ದಾಟಿದ ಮೇಲೆ, ತಿ. ನರಸೀಪುರ ತಾಲ್ಲೂಕಿನ ಒಬ್ಬ ಅಪ್ಪ ಒಂಬತ್ತೂ ಪ್ರಶ್ನೆಗೆ ಉತ್ತರ ಕೊಟ್ಟರು. ಎರಡು ಸಣ್ಣ ಮಕ್ಕಳ ತಂದೆ. ಒಂಬತ್ತನೆಯದಕ್ಕೆ ಅವರು ಒತ್ತಿದ್ದು ‘ಬಹುಪಾಲು ದಿನ’. ಅವರ ಡೇಟಾ ಪ್ಯಾಕ್ ಮುಗಿದಿತ್ತು. ಆಪ್ ಹೇಳಿದ್ದು ಇಷ್ಟೇ: ‘ಧನ್ಯವಾದ! ನಿಮ್ಮ ಉತ್ತರ ಉಳಿಸಲಾಗಿದೆ.’

ಅವರು ರೀಚಾರ್ಜ್ ಮಾಡಿಸಿದ್ದು ಭಾನುವಾರ ಸಂಜೆ. ಎಚ್ಚರಿಕೆ ಮೇಲ್ ಹೋಯಿತು. ಸಮಾಲೋಚಕಿ ನೋಡಿದ್ದು ಸೋಮವಾರ ಬೆಳಗ್ಗೆ. ಫೋನ್ ಮಾಡಿದರೆ ಸ್ವಿಚ್ ಆಫ್. ತುರ್ತಿಗೆ ಅಂತ ಅವರೇ ಒಪ್ಪಿಗೆ ಪತ್ರದಲ್ಲಿ ಬರೆದುಕೊಟ್ಟಿದ್ದ ಭಾವಮೈದನ ನಂಬರಿಗೆ ಮಾಡಿದೆವು. ಅವರು ಆಶಾ ಅಕ್ಕನನ್ನು ಕರೆದುಕೊಂಡು ಓಡಿದರು. ನಾನು ನಂಜನಗೂಡು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಸೋಮವಾರ ಅಂತ ಶ್ರೀಕಂಠೇಶ್ವರನ ದರ್ಶನಕ್ಕೆ ಬಂದವರ ಜಾತ್ರೆ ಸುತ್ತಲೂ. ಫೋನ್ ಕಿವಿಗೆ ಒತ್ತಿಕೊಂಡು ಮುಕ್ಕಾಲು ಗಂಟೆ ನಿಂತೆ. ಆ ಮುಕ್ಕಾಲು ಗಂಟೆಯಲ್ಲಿ ನಾನು ಹರಕೆ ಹೊತ್ತದ್ದು ಎಂಜಿನಿಯರಿಂಗ್ ಓದಿದವಳ ಹಾಗಂತೂ ಇರಲಿಲ್ಲ.

ಅವರು ಗದ್ದೆಯಲ್ಲಿದ್ದರು. ಬದುಕಿದ್ದರು. ಫೋನ್ ಮನೆಯಲ್ಲಿ ಚಾರ್ಜಿಲ್ಲದೆ ಬಿದ್ದಿತ್ತು.

ಕೆಲವು ದಿನ ಕಳೆದ ಮೇಲೆ ಸಮಾಲೋಚಕಿ ಜೊತೆ ನಾನೂ ಅವರನ್ನು ನೋಡಲು ಹೋದೆ. ತಪ್ಪು ನನ್ನದು ಅಂತ ಹೇಳಿದೆ. ಅವರು ಬೈಯಲಿಲ್ಲ. “ಒತ್ತಿದ್ರೆ ಯಾರಾದ್ರೂ ಫೋನ್ ಮಾಡ್ತಾರೆ ಅಂತ ಕಾದೆ ಕನವ್ವ” ಅಂದರು. “ಧನ್ಯವಾದ ಅಂತು. ಆಮ್ಯಾಕೆ ಸುಮ್ಕಾಯ್ತು. ಸಣ್ಣೋನು ಎದ್ದು ಅಳಕ್ಕೆ ಸುರು ಮಾಡ್ದ, ಎತ್ಕೊಂಡು ಕೂತ್ಕೊಂಡೆ, ಬೆಳಗಾಯ್ತು.”

ಆ ‘ಧನ್ಯವಾದ’ ಪದದ ಮುಂದೆ ಆಶ್ಚರ್ಯಸೂಚಕ ಚಿಹ್ನೆ ಹಾಕಿದ್ದವಳೂ ನಾನೇ.

ಈಗ ಆಪ್ ಏನು ಮಾಡುತ್ತದೆ

ಆಫೀಸಿನಲ್ಲಿ ಒಂದು ವಾದ ನಡೆಯಿತು. ‘ಇದು ಅಪರೂಪದ ಪ್ರಸಂಗ, ಮುಂದಿನ ಆವೃತ್ತಿಯಲ್ಲಿ ನೋಡೋಣ’ ಅಂತ ಒಬ್ಬರು. ಸರಿಯಾಗುವ ತನಕ ಹೊಸ ಮನೆಗೆ ಆಪ್ ಹಾಕುವುದಿಲ್ಲ ಅಂತ ನಾನು ಮತ್ತು ಸಮಾಲೋಚಕಿ ಹಟ ಹಿಡಿದೆವು. ಪರೀಕ್ಷೆ ನಿಂತಿತು. ಬೈಸಿಕೊಂಡೆವು.

ಈಗ ಅಪಾಯದ ತೀರ್ಮಾನ ಫೋನಿನಲ್ಲೇ ಆಗುತ್ತದೆ, ನೆಟ್ ಬೇಕಿಲ್ಲ. ಒಂಬತ್ತನೆಯದಕ್ಕೆ ‘ಇಲ್ಲ’ ಬಿಟ್ಟು ಏನೇ ಒತ್ತಿದರೂ ಪರದೆ ತುಂಬ ಒಂದು ದೊಡ್ಡ ಬಟನ್ ಬರುತ್ತದೆ: 14416. ಅದು ಸಾಮಾನ್ಯ ಕರೆ, ಡೇಟಾ ಇಲ್ಲದಿದ್ದರೂ ಹೋಗುತ್ತದೆ. ಅದರ ಕೆಳಗೆ ಒಂದು ನೇರ ಮಾತು: ‘ನಿಮ್ಮ ಉತ್ತರವನ್ನು ರಾತ್ರಿ ಹೊತ್ತು ನಮ್ಮವರು ಯಾರೂ ನೋಡುವುದಿಲ್ಲ. ಈಗಲೇ ಮಾತಾಡಬೇಕು ಅನ್ನಿಸಿದರೆ ಈ ನಂಬರ್ ಒತ್ತಿ.’ ಇಷ್ಟು ಪ್ರಾಮಾಣಿಕವಾಗಿ ಬರೆಯಲು ನಮಗೆ ಒಂದು ತಿಂಗಳು ಬೇಕಾಯಿತು.

ಇನ್ನೊಂದು ಬದಲಾವಣೆ, ಮನುಷ್ಯರು. 2008ರಲ್ಲಿ ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ನಮ್ಮ ಆಶಾ ಅಕ್ಕಂದಿರಂಥ ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು, ಮನೆಮನೆಗೆ ಹೋಗಿ ತಾಯಂದಿರ ಜೊತೆ ಮಾತಾಡಿಸಿದ ಅಧ್ಯಯನವೊಂದು ಪ್ರಕಟವಾಯಿತು. ಖಿನ್ನತೆ ಗಣನೀಯವಾಗಿ ಇಳಿದಿತ್ತು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಅದನ್ನೇ ಕೈಪಿಡಿಯಾಗಿ ಹೊರತಂದಿತು. ಗೋವಾದಲ್ಲಿ ಸಂಗಾತ್ ಸಂಸ್ಥೆ ಊರಿನ ಸಾಮಾನ್ಯ ಹೆಂಗಸರಿಂದಲೇ ಇದನ್ನು ಮಾಡಿಸಿ ನೋಡಿದೆ. ಅಲ್ಲಿ ಕೆಲಸ ಮಾಡಿದ್ದು ಪಕ್ಕ ಕೂತು ಕೇಳಿಸಿಕೊಂಡ ಮನುಷ್ಯರು. ಹಾಗಾಗಿ ನಮ್ಮ ಆಪ್ ಈಗ ಒಂಟಿಯಾಗಿ ಯಾರ ಮನೆಗೂ ಹೋಗುವುದಿಲ್ಲ. ಮೊದಲ ಸಲದ ಒಂಬತ್ತು ಪ್ರಶ್ನೆಯನ್ನು ತರಬೇತಿ ಪಡೆದ ಒಬ್ಬರು ಎದುರು ಕೂತೇ ಕೇಳುತ್ತಾರೆ. ಆಶಾ ಅಕ್ಕಂದಿರಿಗೆ ಮೊದಲೇ ಕೈತುಂಬ ಕೆಲಸ, ಫೋನ್ ತುಂಬ ಆಪ್. ಪುಕ್ಕಟೆಯಾಗಿ ಇನ್ನೊಂದು ಹೊರೆ ಹೊರಿಸುವುದು ನ್ಯಾಯವಲ್ಲ. ಅವರ ಸಮಯಕ್ಕೆ ದುಡ್ಡು ಇಡಬೇಕು ಅಂತ ಯೋಜನೆಯಲ್ಲಿ ಬರೆದಿದ್ದೇವೆ. ಒಪ್ಪಿಗೆ ಇನ್ನೂ ಬಂದಿಲ್ಲ.

ನೀವು ಮಾಡಬಹುದಾದ್ದು

ಇದನ್ನು ಓದುತ್ತಿರುವ ನಿಮಗೆ ನಮ್ಮ ಆಪ್ ಬೇಕಾಗಿಲ್ಲ. ಗೊತ್ತಿರಬೇಕಾದದ್ದು ಇಷ್ಟು.

ಟೆಲಿ-ಮಾನಸ್ ಅನ್ನುವುದು ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾಯಿತು. ನಂಬರ್ 14416, ಇಲ್ಲವೇ 1800-891-4416. ದಿನದ 24 ಗಂಟೆಯೂ ಇದೆ, ಕನ್ನಡದಲ್ಲಿ ಮಾತಾಡಬಹುದು. 2024ರ ಅಕ್ಟೋಬರ್‌ನಿಂದ ಅದರದೇ ಒಂದು ಆಪ್ ಕೂಡ ಇದೆ. ನಂಬರನ್ನು ಈಗಲೇ ಫೋನಿನಲ್ಲಿ ಉಳಿಸಿಟ್ಟುಕೊಳ್ಳಿ. ಬೇಕಾದ ರಾತ್ರಿ ಹುಡುಕಲು ಆಗುವುದಿಲ್ಲ.

ರಾಜ್ಯದಲ್ಲಿ 2014ರಿಂದ ‘ಮನೋಚೈತನ್ಯ’ ಅನ್ನುವ ಕಾರ್ಯಕ್ರಮ ಇದೆ. ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬಂದು ನೋಡುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಆಸ್ಪತ್ರೆಯಲ್ಲೋ ಆಶಾ ಅಕ್ಕನ ಹತ್ತಿರವೋ ಕೇಳಿಕೊಂಡು ಹೋಗಿ.

ಮನೆಯಲ್ಲಿ ಯಾರಾದರೂ ಎರಡು ವಾರಕ್ಕಿಂತ ಹೆಚ್ಚು ದಿನ ಮಂಕಾಗಿದ್ದರೆ, ನಿದ್ದೆ-ಊಟ ಬಿಟ್ಟಿದ್ದರೆ, ‘ನಾನಿದ್ದು ಏನು ಪ್ರಯೋಜನ’ ಅನ್ನುತ್ತಿದ್ದರೆ, ಬಾಯಿಬಿಟ್ಟು ಕೇಳಿ. ಸಾಯುವ ಯೋಚನೆ ಬರ್ತಿದೆಯಾ ಅಂತ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಅನ್ನುವ ಭಯ ನಮ್ಮಲ್ಲಿ ಬಹಳ ಇದೆ. ಹಾಗಾಗುವುದಿಲ್ಲ. ಕೇಳಿದರೆ ಎದೆ ಹಗುರಾಗುತ್ತದೆ ಅಂತಲೇ ಬಲ್ಲವರು ಹೇಳುತ್ತಾರೆ. ‘ಹೌದು’ ಅಂದರೆ ಒಬ್ಬರನ್ನೇ ಬಿಡಬೇಡಿ. ಪಕ್ಕ ಕೂತು ನೀವೇ ನಂಬರ್ ಒತ್ತಿಕೊಡಿ.

ಆ ಅಪ್ಪ ಕರೆ ಮಾಡಿದ್ದೂ ಹಾಗೇ. ಆಶಾ ಅಕ್ಕ ಪಕ್ಕದಲ್ಲಿ ಕೂತಿದ್ದರು. ಮುಂದಿನ ಮಂಗಳವಾರ ಆಸ್ಪತ್ರೆಗೆ ಅವರೇ ಜೊತೆಗೆ ಹೋದರು. ಮಾತ್ರೆ ನಡೆಯುತ್ತಿದೆ. ಸಾಲ ಇನ್ನೂ ಇದೆ. ಕಂತಿನ ಬಗ್ಗೆ ಮಾತಾಡಲು ಈಗ ಭಾವಮೈದ ಜೊತೆಗೆ ಹೋಗುತ್ತಾರಂತೆ.

ಅಮ್ಮನ ಫೋನಿನಲ್ಲಿ ಆಪ್ ಇನ್ನೂ ಇದೆ. ರಾತ್ರಿ ಎಂಟಕ್ಕೆ ‘ಟಿಂಗ್’ ಅಂದರೆ ಈಗಲೂ ಬೈಯುತ್ತಾಳೆ, ಮುದ್ದೆ ಹೊತ್ತಿಗೇ ಬರ್ತದೆ ಅಂತ. ಮೊನ್ನೆ ಸಮಯ ಒಂಬತ್ತಕ್ಕೆ ಬದಲಾಯಿಸಿಕೊಟ್ಟೆ.